ಶರಣಪ್ಪನ ಲೇತು ನನಗೆ ಬರಲಿಲ್ಲ

ಎದುರಂಗಡಿಯ ದೋಸ್ತ ಶರಣಪ್ಪನಿಗೆ,

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ನಿನ್ನ ಲೇತು ನನಗೆ ಬರಲಿಲ್ಲ. ಕೈಗೆ ಬಂದದ್ದನ್ನು ನನ್ನ ಬಾಯಿಂದಲೇ ಕಳೆದುಕೊಂಡೆ. ನಗು, ನಗು, ಹೊಟ್ಟೆ ಹಿಡಿದುಕೊಂಡು ನಗು. ಆಮೇಲೆ ಸುಮ್ಮನೆ ಕುಳಿತು ಮುಂದಿನದನ್ನು ಓದು. ನೀನಿದ್ದಾಗ ನನಗೆ ಒಂದು ಮಾತನ್ನೂ ಪೂರ್ತಿ ಆಡಗೊಡಲಿಲ್ಲ. ಈಗಲಾದರೂ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲವಲ್ಲ, ಅದೇ ನನಗೊಂದು ಸಮಾಧಾನ.

ನೆನಪಿದೆಯಾ, ನಾವಿಬ್ಬರೂ ಹೈದರಾಬಾದಿನ ಹಳೆ ಮಷೀನುಗಳ ಗೋದಾಮಿನಲ್ಲಿ ನಿಂತಿದ್ದು? ಒಂದೇ ಲಾರಿಯಲ್ಲಿ ಕಬ್ಬಿಣ ಹೆರೆಯುವ ಎರಡು ಲೇತು ತರಬೇಕು, ಶಹಾಪುರದ ಸುರಪುರ ರಸ್ತೆಯಲ್ಲಿ ಆಚೆ ಒಬ್ಬ ಈಚೆ ಒಬ್ಬ ಅಂಗಡಿ ಹಾಕಬೇಕು ಅಂತ ಮಾತಾಗಿತ್ತು. ಅಲ್ಲಿ ಇದ್ದವೇ ಎರಡು. ಒಂದಕ್ಕೆ ಹಸಿರು ಬಣ್ಣ ಬಳಿದಿದ್ದರು, ನೋಡಿದರೆ ಹೊಸದೇ ಅನ್ನಬೇಕು. ಇನ್ನೊಂದು ಬಣ್ಣವೆಲ್ಲ ಹೋಗಿ, ಮುದಿ ಎಮ್ಮೆಯ ಹಾಗೆ ಮೂಲೆಯಲ್ಲಿ ನಿಂತಿತ್ತು. ಚೀಟಿ ಎತ್ತಿದೆವು. ಹಸಿರಿನದು ನನಗೆ ಬಂತು. ದಾರಿಯುದ್ದಕ್ಕೂ ನಾನು ಮೀಸೆ ತಿರುವಿದ್ದೇ ತಿರುವಿದ್ದು! ನೀನು ಮಾತ್ರ ನಿನ್ನ ಎಮ್ಮೆಗೆ ಒರಗಿಕೊಂಡು ಯಾದಗಿರಿ ದಾಟುವವರೆಗೂ ಗೊರಕೆ ಹೊಡೆದೆ.

ಇಬ್ಬರ ಅಂಗಡಿಯಿಂದಲೂ ಹೆರೆದ ಮೊದಲ ಶಾಫ್ಟು, ಮಷೀನಿನೊಳಗೆ ತಿರುಗುವ ಆ ದುಂಡನೆ ಸರಳು, ಹೊರಬಂದ ದಿನ ನನ್ನ ಮೀಸೆ ಇಳಿಯಿತು. ಗಿರಾಕಿಯೊಬ್ಬ ನನ್ನ ಶಾಫ್ಟಿನ ಮೇಲೆ ಉಗುರು ಎಳೆದ, ಕರ್ರ್ ಅಂತು. ರಸ್ತೆ ದಾಟಿ ಬಂದು ನಿನ್ನದರ ಮೇಲೆ ಎಳೆದ, ಸದ್ದೇ ಇಲ್ಲ. ಅಳತೆಯಲ್ಲಿ ಇಬ್ಬರದೂ ಸರಿಯಾಗಿತ್ತು. ಆದರೆ ನನ್ನದರ ಮೈಮೇಲೆ ಸಣ್ಣ ಸಣ್ಣ ಗೆರೆಗಳು, ನಿನ್ನದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. "ಹೆಂಗಲೇ ಶರಣ್ಯಾ?" ಅಂತ ಕೇಳಿದರೆ ನೀನು ಆ ಎಮ್ಮೆಯ ಬೆನ್ನು ತಟ್ಟಿ, "ಎಲ್ಲಾ ಈ ಮಷೀನಿನ ಪುಣ್ಯ ನೋಡಪಾ" ಅಂದೆ. ನಾನು ನಂಬಿಬಿಟ್ಟೆ! ಅವತ್ತು ಹಿಡಿದ ಹುಚ್ಚು. ಮಾರುವುದಾದರೆ ನನಗೇ ಮಾರಬೇಕು ಅಂತ ಎಷ್ಟು ಸಲ ಗಂಟು ಬಿದ್ದೆನೋ. "ನಾ ಸತ್ತ ಮ್ಯಾಲ ಒಯ್ಯಲೇ ಮಾನ್ಯಾ" ಅಂತ ನಗುತ್ತಿದ್ದೆ ನೀನು. ನಗೆಚಾಟಿಕೆಗೆ ಆಡಿದ ಮಾತು, ಆದರೆ...

ಇರಲಿ. ಸಂಜೆ ಶಟರ್ ಎಳೆಯುವ ಮುಂಚೆ ನೀನು ಟೂಲುಗಳನ್ನೆಲ್ಲ ಚಿಂದಿಯಲ್ಲಿ ಸುತ್ತಿ ಬುತ್ತಿ ಡಬ್ಬಿಗೆ ತುಂಬುತ್ತಿದ್ದೆಯಲ್ಲ, ಅದನ್ನು ಈಗ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಲೇತು ಎಷ್ಟೇ ದೊಡ್ಡದಿರಲಿ, ಕಬ್ಬಿಣ ಹೆರೆಯುವುದು ಬೆರಳುದ್ದದ ಆ ಉಕ್ಕಿನ ತುಂಡೇ ಅಲ್ಲವೇ? ಹಗಲೆಲ್ಲ ನೀನು ಗ್ರೈಂಡರಿಗೆ ಹಿಡಿದು ರೂಪ ಕೊಟ್ಟ ಟೂಲುಗಳು ಸಂಜೆಗೆ ರೊಟ್ಟಿಯ ಡಬ್ಬಿಯಲ್ಲಿ ಮನೆಗೆ ಹೊರಡುತ್ತಿದ್ದವು. "ಏನಲೇ, ಕೂಸುಗಳನ್ನ ಮನೀಗಿ ಮಲಗಸಾಕ ಒಯ್ಯಾಕತ್ತಿಯೇನು?" ಅಂತ ನಾನು ಕಿಚಾಯಿಸಿದರೆ, "ಕಳ್ಳರ ಕಾಟಪಾ" ಅನ್ನುತ್ತಿದ್ದೆ. ಇಡೀ ಸುರಪುರ ರಸ್ತೆಯಲ್ಲಿ ಟೂಲು ಕದಿಯುವ ಕಳ್ಳ ಯಾವನಿದ್ದ? ಆಗಲೇ ನನಗೆ ಹೊಳೆಯಬೇಕಿತ್ತು. ನಾನೋ, ಗ್ರೈಂಡರಿನಿಂದ ತೆಗೆದ ಟೂಲನ್ನು ಬಿಸಿ ಬಿಸಿ ಇರುವಾಗಲೇ ಕಟ್ಟಿ ಮಷೀನು ಚಾಲೂ ಮಾಡುವವನು. ಮಸೆಯುವ ಕಲ್ಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತ ಕೂಡಲು ನನಗೆಲ್ಲಿಯ ಪುರುಸೊತ್ತು?

ನೀನು ಕಲಬುರಗಿಗೆ ಹೊರಟ ಬೆಳಿಗ್ಗೆ ಕಣ್ಣಿಗೆ ಕಟ್ಟಿದ ಹಾಗಿದೆ. "ಎದಿ ಹಿಡದಂಗ ಆಗ್ಯಾದ, ದೊಡ್ಡ ಡಾಕ್ಟರಿಗಿ ತೋರಿಸ್ಕೊಂಡು ಸಂಜೀಕ ಬಂದೆ" ಅಂತ ಕೈ ಎತ್ತಿ ಜೀಪು ಹತ್ತಿದವನು ನೀನು. ಆ ಸಂಜೆ... ಅದನ್ನು ಬರೆಯಲಾರೆ. ನಿನ್ನ ಗಿರಾಕಿಗಳೆಲ್ಲ ತಾವಾಗಿಯೇ ನನ್ನ ಅಂಗಡಿಗೆ ಬಂದರು. ಕೆಲಸ ರಾಶಿ ಬಿತ್ತು. ಕುಣಿದಾಡಬೇಕಿತ್ತಲ್ಲ ನಾನು? ಶಾಫ್ಟು ಮುಗಿಸಿ ಎತ್ತಿ ಹಿಡಿದು ಎದುರಿಗೆ ನೋಡಿದರೆ ಮುಚ್ಚಿದ ಶಟರು. ಯಾರಿಗೆ ತೋರಿಸಲಿ? ಯಾರ ಹೊಟ್ಟೆ ಉರಿಸಲಿ? ಒಂದು ದಿನ ಚಹಾದವನು ರೂಢಿಯ ಮೇಲೆ ನಿನ್ನ ಶಟರಿನ ಮುಂದೆಯೂ ಒಂದು ಕಪ್ಪು ಇಟ್ಟು ಹೋದ. ನಾನು ಒಳಗೆ ಹೋಗಿ ಅತ್ತೆ. ಇದನ್ನು ಯಾರಿಗೂ ಹೇಳಬೇಡ.

ದೀಪಾವಳಿ ಕಳೆದ ಮೇಲೆ ನಿನ್ನ ಮನೆಯಾಕೆ, ನಮ್ಮ ನೀಲಮ್ಮ ವೈನಿ, ಹೇಳಿ ಕಳಿಸಿದರು. ಮಷೀನು ಮಾರುವುದಿದೆ, ನಿಮಗೇ ಕೊಡಬೇಕು ಅಂತ ನಮ್ಮ ಯಜಮಾನರು ಅನ್ನುತ್ತಿದ್ದರು, ಬಂದು ನೋಡಿ ಅಂತ. ಸುಳ್ಳು ಯಾಕೆ ಹೇಳಲಿ? ನನಗೆ ದುಃಖವೂ ಆಯಿತು, ಸಂತೋಷವೂ ಆಯಿತು, ಸಂತೋಷವೇ ಒಂದು ಗುಂಜಿ ಹೆಚ್ಚು. ಅಂಗಡಿಯ ಮೂಲೆ ಖಾಲಿ ಮಾಡಿದೆ. ಟೆಂಪೋದವನಿಗೆ ತಯಾರಿರು ಅಂದೆ. ದಾಡಿ ಮಾಡಿಕೊಂಡು ಇಸ್ತ್ರಿ ಅಂಗಿ ಹಾಕಿದೆ. ನನ್ನ ಹೆಂಡತಿ ನೋಡಿ, "ಮಷೀನ ನೋಡಾಕ ಹೊಂಟೀರೋ, ಹೆಣ್ಣು ನೋಡಾಕ ಹೊಂಟೀರೋ?" ಅಂದಳು. ಮುಖ ಸಣ್ಣದು ಮಾಡಿಕೊಂಡು ಹೋಗಬೇಕು ಅಂತ ಎಷ್ಟು ಪ್ರಯತ್ನ ಮಾಡಿದರೂ ಆಗಲಿಲ್ಲ.

ಶಟರ್ ಎತ್ತಿದ್ದು ನಿನ್ನ ಮಗಳು ರೇಣುಕಾ. ಯಾದಗಿರಿಯ ಐಟಿಐನಲ್ಲಿ ಟರ್ನರ್, ಅಂದರೆ ಲೇತಿನ ಕೆಲಸ, ಪಾಸು ಮಾಡಿ ಮನೆಯಲ್ಲಿ ಕುಳಿತಿದ್ದಾಳಲ್ಲ, ಅವಳು ಲೇತಿನ ಧೂಳು ಒರೆಸುತ್ತ ನಿಂತಳು. ವೈನಿ ಹೊಸ್ತಿಲಲ್ಲೇ ನಿಂತರು. ನಾನು ನನ್ನ ಟೂಲು ಕಟ್ಟಿದೆ, ಒಂದು ಸರಳು ಹಿಡಿಸಿದೆ, ಕೈ ಮುಗಿದು ಮಷೀನು ಚಾಲೂ ಮಾಡಿದೆ. ಕಿರ್ರೋ ಅಂತು ಕಬ್ಬಿಣ! ಮುಗಿಸಿ ನೋಡುತ್ತೇನೆ, ಸರಳಿನ ಮೈಮೇಲೆ ಅವೇ ಗೆರೆಗಳು. ನನ್ನ ಹಸಿರು ಮಷೀನಿನಲ್ಲಿ ಬೀಳುವ ಗೆರೆಗಳೇ! ಇದಕ್ಕಾಗಿ ಇಷ್ಟು ವರ್ಷ ಕಾದೆನೇ?

"ಮಷೀನ ಸವದಾದ ವೈನಿ" ಅಂದೆ. "ಪುಣ್ಯೇಕ ಅವನ ಕಾಲದಾಗ ನಡೀತು. ಈಗ ಇದರಾಗ ಏನೂ ಉಳದಿಲ್ಲ."

ಅಷ್ಟು ಹೇಳಿದ್ದೇ ತಡ, ನಿನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಒಳಗೆ ಬಂದರು. "ಮಷೀನಿಗ್ಯಾಕ ಬೈತೀರಿ ಅಣ್ಣಾರ? ಅದೇನು ಮಾಡ್ಯಾದ ನಿಮಗ? ಆ ಟೂಲ ತಗೀರಿ ಹೊರಗ."

ತೆಗೆದು ಕೊಟ್ಟೆ. ಅದರ ತುದಿಯನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿ ನೋಡಿದರು. "ಅಯ್ಯ, ಇದರ ಬಾಯಿ ಗರಗಸ ಆಗ್ಯಾದ. ಇದನ್ನ ಕಟ್ಟಿ ತಪ್ಪು ಮಷೀನಿನ ಮ್ಯಾಲ ಹೊರಸ್ತೀರಲ್ಲ!" ಅನ್ನುತ್ತ ಮಗಳನ್ನು ಕಳಿಸಿ ಮನೆಯಿಂದ ಮಸೆಯುವ ಕಲ್ಲು ತರಿಸಿದರು. ಹೊಸ್ತಿಲ ಮೇಲೆ ಕುಳಿತು, ಕಲ್ಲಿಗೆ ಒಂದು ಹನಿ ಎಣ್ಣೆ ಬಿಟ್ಟು ಮಸೆಯತೊಡಗಿದರು. ಟೂಲಿನ ಮೈ ಕಲ್ಲಿಗೆ ಅಂಟಿಕೊಂಡ ಹಾಗೆ ಹೋಗಿ ಬರುತ್ತಿತ್ತು, ಒಂದು ಕೂದಲೆಳೆಯೂ ಆಚೀಚೆ ಹೊರಳಲಿಲ್ಲ. ನಾನು ಬಾಯಿ ತೆರೆದುಕೊಂಡು ನೋಡುತ್ತ ನಿಂತೆ.

"ಎಲ್ಲಿ ಕಲತೀರಿ ವೈನಿ?"

"ಕಲಿಯೋದೇನದರಿ ಇದರಾಗ? ವನದುರ್ಗದಾಗ ನಮ್ಮಪ್ಪನ ಕುರಿ ಇದ್ದವಲ್ಲ. ಉಣ್ಣೆ ಕತ್ತರಸೋ ಕತ್ತರಿ ಮಸಿಯೋದು ನನ್ನ ಪಾಲಿನ ಕೆಲಸ. ಕತ್ತರಿ ಮೊಂಡಾದ್ರ ಉಣ್ಣೆ ಜಗ್ತದ, ಕುರಿ ಒದರ್ತದ. ಕುರಿ ಒದರಿತಂದ್ರ ನಮ್ಮಪ್ಪ ನನಗ ಬೈತಿದ್ದ. ಈಗ ನಿಮ್ಮ ಕಬ್ಬಿಣ ಹಂಗೇ ಒದರಾಕತ್ತಿತ್ತು. ಕೇಳಲಿಲ್ಲೇನು ನಿಮಗ?"

ಟೂಲು ಮತ್ತೆ ಕಟ್ಟಿದೆ. ಮಷೀನು ಚಾಲೂ ಮಾಡಿದೆ. ಶರಣಾ, ಸದ್ದೇ ಇಲ್ಲ! ಕಬ್ಬಿಣದ ಸುರುಳಿ ಎಲ್ಲಿಯೂ ತುಂಡಾಗದೆ ನೆಲದವರೆಗೂ ಇಳಿಯಿತು. ಸರಳಿನಲ್ಲಿ ನನ್ನ ಮುಖ ಕಂಡಿತು, ದಾಡಿ ಮಾಡಿಕೊಂಡ ಪೆದ್ದು ಮುಖ. "ಅವರವೂ ದಿನಾ ಸಂಜೀಕ ನಾನೇ ಮಸೀತಿದ್ದೆರಿ" ಅಂದರು ವೈನಿ, ಅದೇನು ದೊಡ್ಡ ಮಾತು ಅನ್ನುವ ಹಾಗೆ. "ಬುತ್ತಿ ಡಬ್ಯಾಗ ಹಾಕ್ಕೊಂಡು ಬರ್ತಿದ್ರಲ್ಲ. ರೊಟ್ಟಿ ಬಡದು, ಕೈ ತೊಳಕೊಂಡು, ಕುಂತು ಮಸದು ಇಡ್ತಿದ್ದೆ." ಕಳ್ಳ! ಲುಚ್ಚಾ! ಇಷ್ಟು ವರ್ಷ ಆ ಎಮ್ಮೆಯ ಬೆನ್ನು ತಟ್ಟಿ ತಟ್ಟಿ ನನ್ನನ್ನು ಮಂಗ ಮಾಡಿದೆಯಲ್ಲೋ! ಸಂಜೆ ಮನೆಗೆ ಹೋಗಿ ಇಬ್ಬರೂ ಕೂಡಿ ನನ್ನನ್ನು ನೆನೆಸಿಕೊಂಡು ನಗುತ್ತಿದ್ದಿರಾ? ನಕ್ಕಿದ್ದರೆ ಒಳ್ಳೆಯದೇ ಆಯಿತು, ನಿನ್ನ ಮನೆಯಲ್ಲಿ ನನ್ನಿಂದಲೂ ಒಂದಿಷ್ಟು ನಗು ಇತ್ತು.

ಕೇಳು, ಮುಖ್ಯವಾದದ್ದು ಇದರ ಮುಂದಿದೆ. ವೈನಿ ಎಣ್ಣೆ ಕೈ ಒರೆಸಿಕೊಂಡು, "ಮಸದಿದ್ದು ನಾನೇ ಖರೇ. ಆದ್ರ ಕೈ ಅವರದು. ಅವರಿಲ್ಲದ ಮಷೀನ ಇಟ್ಕೊಂಡು ನಾವೇನು ಮಾಡೋಣರಿ? ಒಯ್ರಿ ಅಣ್ಣಾರ" ಅಂದರು. ಹೂಂ ಅಂದಿದ್ದರೆ ಆಗಿತ್ತು. ಟೆಂಪೋ ಸಿದ್ಧವಿತ್ತು, ಮೂಲೆ ಖಾಲಿಯಿತ್ತು. ಮಷೀನು ಚಿನ್ನದಂಥದು ಅಂತ ಈಗ ಕಣ್ಣಾರೆ ಕಂಡಿದ್ದೆ ಬೇರೆ. ಆದರೆ ರೇಣುಕಾ ಆ ಲೇತಿನ ಹಿಡಿಕೆಯ ಮೇಲಿನ ಕೈ ತೆಗೆದಿರಲಿಲ್ಲ. ನಾನು ಅವಳ ಮುಖ ನೋಡಬಾರದಿತ್ತು, ನೋಡಿಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ, ನಿನಗೆ ಗೊತ್ತೇ ಇದೆ.

"ಏನ್ ಮಾತಾಡ್ತೀರಿ ವೈನಿ! ಅವನ ಕೈಯೊಳಗೇನು ಬಂಗಾರ ಇತ್ತೇನು? ಅವನ ಕೈ, ನನ್ನ ಕೈ, ಎಲ್ಲಾ ಒಂದೇ. ನನ್ನ ಸೋಲಿಸಿದ್ದು ನಿಮ್ಮ ಕಲ್ಲು! ಈ ಹುಡುಗಿ ಮಷೀನಿಗಿ ನಿಂದರ್ಲಿ, ನೀವು ಮಸೀರಿ. ಮಷೀನ ಮಾರಿದ್ರ ನೋಡ್ರಿ ಮತ್ತ, ನಾ ಸುಮ್ಮನಿರಂಗಿಲ್ಲ!"

"ಹೆಣ್ಣಮಕ್ಕಳು ಅಂಗಡಿ ತಗದ್ರ ಯಾರು ಬರ್ತಾರರಿ?" ಅಂದರು ವೈನಿ.

"ಅವ್ವಾ, ತಗದು ನೋಡೋಣು" ಅಂದಳು ರೇಣುಕಾ. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ಮಾತು ಅದು. ವೈನಿ ಮಗಳನ್ನು ನೋಡಿದರು, ಮಷೀನನ್ನು ನೋಡಿದರು, ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನಾನು ಹೊರಗೆ ಬಂದು ಟೆಂಪೋದವನಿಗೆ ಬೇಡ ಅಂದೆ. ಅವನು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದ.

ಅಂಗಡಿ ತೆಗೆದ ಸೋಮವಾರ ಮಿರ್ಚಿ ಭಜಿ ಹಂಚಿದರು, ರಸ್ತೆಯವರೆಲ್ಲ ಬಂದು ತಿಂದರು. ಕೆಲಸ ಮಾತ್ರ ಯಾರೂ ಕೊಡಲಿಲ್ಲ. ನಾನು ಗಿರಾಕಿಗಳನ್ನು ಕೈ ಹಿಡಿದು ಆಚೆ ಕಳಿಸಿದೆ, ಅವರು ಹುಡುಗಿಯನ್ನು ನೋಡಿ ಹಾಗೇ ಈಚೆ ಬಂದರು. "ಶಾಫ್ಟ್ ಕೆಟ್ರ ಯಾರ್ನ ಕೇಳೋಣರಿ?" ಅನ್ನುತ್ತಿದ್ದರು. ನನಗೆ ಮೈ ಉರಿದುಹೋಗುತ್ತಿತ್ತು. ರೇಣುಕಾ ಮಾತ್ರ ಖಾಲಿ ಕೂಡದೆ ತುಕ್ಕು ಹಿಡಿದ ಸರಳುಗಳನ್ನೇ ಹಿಡಿಸಿ ಹೆರೆಯುತ್ತಿದ್ದಳು. ನಿನ್ನ ಎಮ್ಮೆ ಮತ್ತೆ ತಿರುಗುವುದನ್ನು ನೋಡುತ್ತ ಒಂದು ದಿನ ನನ್ನ ಶಾಫ್ಟಿನ ಅಳತೆಯನ್ನೇ ತಪ್ಪಿದೆ! ಆಮೇಲೆ ಒಂದು ದಿನ ನಾಚಿಕೆ ಬಿಟ್ಟು ನನ್ನ ಟೂಲುಗಳನ್ನು ಹಿಡಿದುಕೊಂಡು ಹೋಗಿ, ಇವನ್ನೂ ಮಸೆದು ಕೊಡಿ ಅಂತ ವೈನಿಯನ್ನು ಕೇಳಿದೆ. ಅವರು ಏನಂದರು ಗೊತ್ತಾ?

"ನಿಮ್ಮ ಟೂಲ ನಾನ್ಯಾಕ ಮಸೀಲಿರಿ? ನಮ್ಮ ಗಿರಾಕಿ ಜಗ್ಗಾಕ? ಕುಂದರ್ರಿ ಇಲ್ಲಿ, ಕಲತು ಹೋಗ್ರಿ."

ಕುಳಿತೆ ಮಾರಾಯ. ಈ ವಯಸ್ಸಿನಲ್ಲಿ ಹೊಸ್ತಿಲ ಮೇಲೆ ಕುಳಿತು, ಮಣಿಕಟ್ಟು ಹೊರಳಿತು ಅಂತ ನಿನ್ನ ಹೆಂಡತಿಯಿಂದ ಬೈಸಿಕೊಂಡು ಮಸೆದೆ. ಅವಸರ ಮಾಡಿದರೆ ಕಲ್ಲನ್ನೇ ಕಸಿದುಕೊಳ್ಳುತ್ತಾರೆ! ಈಗ ನನ್ನ ಶಾಫ್ಟುಗಳ ಮೇಲೆ ಉಗುರು ಎಳೆದು ನೋಡು. ನೋಡಲು ಬಾರೋ ಅನ್ನಬೇಕು ಅನ್ನಿಸುತ್ತದೆ, ಆದರೆ...

ಈ ಪತ್ರ ಹಿಡಿದು ಕುಳಿತದ್ದು ಇವತ್ತು ಮಧ್ಯಾಹ್ನ ನಡೆದದ್ದನ್ನು ಹೇಳಲು. ವಡಗೇರಾದ ರೈಸ್ ಮಿಲ್ಲಿನ ಸಾಹುಕಾರ ಗೊತ್ತಲ್ಲ, ಅಂಗಡಿ ಹಾಕಿದಾಗಿನಿಂದ ನನ್ನ ಗಿರಾಕಿ, ನೀನು ಎಷ್ಟು ಗಾಳ ಹಾಕಿದರೂ ನಿನ್ನ ಕಡೆ ತಲೆ ಹಾಕದವನು. ಹೆರೆಸಲು ಎರಡು ಶಾಫ್ಟು ತಂದಿದ್ದ. ನಾನು ಕೈ ಚಾಚಿದೆ. ಒಂದನ್ನು ಕೊಟ್ಟ, ಇನ್ನೊಂದನ್ನು ಕಂಕುಳಲ್ಲೇ ಇಟ್ಟುಕೊಂಡ. "ಸಿಟ್ಟಾಗಬ್ಯಾಡ್ರಿ ಮಾನಪ್ಪ. ನಮ್ಮ ಡ್ರೈವರ್ ಟ್ರ್ಯಾಕ್ಟರಿನ ಪಿನ್ನ ಆ ಹುಡುಗಿ ಕಡಿಂದ ಮಾಡಿಸ್ಯಾನ. ನೋಡಿದೆ. ಭಾಳ ಛಲೋ ಅದ. ಇದೊಂದು ಅಕಿಗಿ ಕೊಡ್ತೀನಿ" ಅಂದವನೇ ರಸ್ತೆ ದಾಟಿದ. ನಾನು ಕಳಿಸಿದ್ದಲ್ಲ ಶರಣಾ. ಒಂದು ಮಾತೂ ಹೇಳಿರಲಿಲ್ಲ. ತಾನಾಗಿಯೇ ಹೋದ.

ಬಾಗಿಲಿಗೆ ಬಂದು ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದೆ: "ಏನವಾ ರೇಣುಕಾ, ಹಾಡಹಗಲ ನನ್ನ ಗಿರಾಕಿ ಹೊಡ್ಕೊಂಡೀಯಲ್ಲ!"

ಅವಳು ತಿರುಗಿಯೂ ನೋಡದೆ ಅಂದಳು: "ಗಿರಾಕಿ ತಾವೇ ನಡಕೊಂಡು ಬಂದಾರ ಕಾಕಾ. ಬೇಕಂದ್ರ ಬಂದು ಕರಕೊಂಡು ಹೋಗ್ರಿ!"

ನಿನ್ನದೇ ಸೊಕ್ಕು! ಎಲ್ಲರೂ ನಕ್ಕರು, ವೈನಿ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ಸೋತೆ ಶರಣಾ, ಮರ್ಯಾದೆಯಿಂದ ಸೋತೆ. ಮನೆಗೆ ಬಂದು ಪುಂಡಿಪಲ್ಯೆ ಹಚ್ಚಿಕೊಂಡು ರೊಟ್ಟಿ ಮೇಲೆ ರೊಟ್ಟಿ ತಿಂದೆ. ನೀನು ಹೋದಾಗಿನಿಂದ ಇಷ್ಟು ಹಸಿವು ಆಗಿರಲೇ ಇಲ್ಲ.

ಇನ್ನೊಂದು ಶಾಫ್ಟು ನನ್ನ ಹತ್ತಿರವೇ ಇದೆ. ಸಾಹುಕಾರ ನಾಳೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾನೆ. ನಿನ್ನ ಮಗಳು ಅಂತ ನಾನು ಒಂದಿಷ್ಟೂ ಬಿಟ್ಟುಕೊಡುವುದಿಲ್ಲ, ಆಣೆ ಮಾಡಿ ಹೇಳುತ್ತೇನೆ.

ನಿನ್ನ
ಮಾನ್ಯಾ