ತಂಗಿಯ ಕರಿ ಕೋಟು

ನಾರಾಯಣಪೇಟೆ
ಬೇಸ್ತವಾರ, ೧೨ ಡಿಸೆಂಬರ್ ೨೦೨೪

ಪ್ರೀತಿಯ ತಂಗಿ ನವನೀತಾಗ,

ಹೆಂಗದಿ? ಗಂಟಲು ನೋವು ಕಡಿಮಿ ಆತೇನು? ಗದ್ವಾಲ ಕೋರ್ಟಿನಾಗ ದಿನಾ ವಾದ ಮಾಡಿ ಮಾಡಿ ನಿನ್ನ ದನಿ ಒಡೆದೈತಂತ ಅವ್ವ ಮಕ್ತಲ್‌ದಿಂದ ಹೇಳಿ ಕಳಿಸಿದ್ಳು. ಬಿಸಿನೀರು ಕುಡಿ. ಈ ಕಾಲದಾಗ ಅಕ್ಕ ಪತ್ರ ಬರದಾಳಂತ ನಗಬ್ಯಾಡ. ಫೋನ್ ಮಾಡಿದ್ರ “ಅಕ್ಕಾ, ಕೋರ್ಟಿನಾಗ ಅದೀನಿ, ಆಮ್ಯಾಲೆ ಮಾಡ್ತೀನಿ” ಅಂತಿ. ಆ ಆಮ್ಯಾಲೆ ಬರಂಗೇ ಇಲ್ಲ. ಕಾಗದ ಆದ್ರ ನಡುವ ಕಟ್ ಮಾಡಾಕ ಆಗಂಗಿಲ್ಲ.

ಹೋದ ತಿಂಗಳು ನಾ ಗದ್ವಾಲಕ್ಕ ಬಂದಿದ್ದೆ. ನಿನಗ ಗೊತ್ತಿಲ್ಲ. ಕೋರ್ಟಿನಾಗ ಹಿಂದಿನ ಬೆಂಚಿನ ಮ್ಯಾಲೆ ತಲಿ ತುಂಬ ಸೆರಗು ಹೊದ್ದು ಕುಂತಿದ್ದೆ. ಐಜ ಊರಿನ ಆಶಮ್ಮನ ಕೇಸು ನಡೆದಿತ್ತು. ಸಾವ್ಕಾರನ ಮನ್ಯಾಗ ಪಾತ್ರಿ ತಿಕ್ಕಾಕಿ, ಬಂಗಾರದ ಸರ ಕದ್ದಾಳಂತ ಕೇಸು. ಒಳಕೋಣಿಗೆ ಹೋಗಾಕಿ ಈಕಿ ಒಬ್ಬಾಕಿನ ಅಂದ ಸಾವ್ಕಾರ. ನೀ ಮೆಲ್ಲಕ, “ನಿಮ್ಮ ಮಗ ಹೋಗಂಗಿಲ್ಲೇನ್ರಿ?” ಅಂದಿ. ಹೋಗ್ತಾನ ಅಂದ. “ಮತ್ತ ಅವನ್ನ ಯಾಕ ಕೇಳಲಿಲ್ರಿ?” “ಅವ ಅಂಥಾವ ಅಲ್ಲ.” “ಈಕಿ ಅಂಥಾಕಿ ಅಂತ ಹೆಂಗ ಗೊತ್ತಾತ್ರಿ?” ಜಡ್ಜ್ ಸಾಹೇಬರು ಬರಿಯೋದು ಬಿಟ್ಟು ಸಾವ್ಕಾರನ ಮುಖಾ ನೋಡಿದ್ರು. ನನ್ನ ಬಾಜೂಕ ಕುಂತ ಮುದುಕ, “ಎವರಮ್ಮಾ ಈ ಲಾಯರಮ್ಮ?” ಅಂತ, ನೀ ಯಾರಂತ ತೆಲುಗಿನಾಗ ಕೇಳಿದ. ನನ್ನ ತಂಗಿ ಅನ್ನಾಕ ನಾಲಿಗಿ ಏಳಲಿಲ್ಲ. ಗೊತ್ತಿಲ್ಲ ಅಂದೆ.

ಯಾಕಂದ್ರ ಅಂಥಾ ಮಾತು ಆಡೋದು ನನ್ನ ಕೆಲಸ ಆಗಿತ್ತಲ್ಲ! ರೇಷನ್ ಅಂಗಡ್ಯಾವನ ಜೋಡಿ ಜಗಳಾಡಿ ಇಡೀ ಓಣಿಗೆ ಸೀಮೆಎಣ್ಣಿ ಕೊಡಿಸಿದಾಕಿ ನಾನು. ನೀ ನನ್ನ ಲಂಗಾ ಹಿಡ್ಕೊಂಡು ಹಿಂದ ನಿಂತಿದ್ದಿ. ಅಪ್ಪ ವಕೀಲವ್ವ ಅಂತ ಕರೀತಿದ್ದದ್ದು ನನ್ನ. ಹತ್ತನೇತ್ತಿ ಮುಗಿದ ಕೂಡ್ಲೆ ನೇಕಾರರ ಮನಿಗೆ ಕೊಟ್ಟು ಮಗ್ಗದ ಮುಂದ ಕುಂದ್ರಿಸಿದ. ಕರಿ ಕೋಟು ನಿನ್ನ ಪಾಲಿಗೆ ಬಂತು. ನಿಂದೇನೂ ತಪ್ಪಿಲ್ಲ. ತಪ್ಪಿಲ್ಲಂತ ಗೊತ್ತಿದ್ರೂ ಹೊಟ್ಟಿ ಉರಿಯೋದು ಬಿಡಂಗಿಲ್ಲ.

ಅದನ್ನೂ ಹೆಂಗೋ ನುಂಗಿದ್ದೆ. ಹೊರಗ ಬಂದು ನೋಡಿದ್ರ ನೀ ಬೇವಿನ ಗಿಡದ ಬುಡಕ, ನೆಲದ ಮ್ಯಾಲೆ, ಆಶಮ್ಮನ ಜೋಡಿ ಕುಂತಿದ್ದಿ. ಕೋಟಿಗೆ ಧೂಳು ಹತ್ತಿದ್ದು ಖಬರಿಲ್ಲ. ನಿನ್ನ ಚಾ ಆಕಿಗೆ ಕೊಟ್ಟು, ಕೈ ಹಿಡ್ಕೊಂಡು, “ಹೇಳವ್ವಾ, ಸಾವಕಾಶ ಹೇಳು, ನಾ ಎಲ್ಲೂ ಹೋಗಂಗಿಲ್ಲ” ಅಂದಿ. ಅಷ್ಟರಾಗ ನಿನ್ನ ಫೋನ್ ಬಡೀತು. ನೋಡಿ ಬಂದ್ ಮಾಡಿದಿ. ಕಂಬದ ಹಿಂದ ನಿಂತು ಆ ಫೋನ್ ಮಾಡಿದಾಕಿ ನಾನ. ಹಂಗ ತಿರುಗಿ ಬಸ್ ಹತ್ತಿ, ಮಕ್ತಲ್ ಬರೋತನ ಆ ಆಶಮ್ಮನ್ನ ಬೈಕೋಂತ ಬಂದೆ. ಪಾಪ, ಆಕಿ ನನಗೇನು ಮಾಡಿದ್ಳು! ಮೊನ್ನೆ ಕೋರ್ಟು ಆಕೀನ ಬಿಡುಗಡಿ ಮಾಡಿತಂತ ಕೇಳಿದೆ. ಛಲೋ ಆತು. ಪೂರಾ ಮನಸಿನಿಂದ ಹೇಳಾಕ ಇನ್ನೊಂದಿಷ್ಟು ದಿನಾ ಬೇಕು, ಅಷ್ಟ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ನಂಬಿ ಬಂದವರು ಯಾರೂ ತಲಿ ತಗ್ಗಿಸಿ ಮನಿಗೆ ಹೋಗದಂಗ ಆ ಶಿವ ನೋಡಿಕೊಳ್ಳಲಿ.

ನಿನ್ನ ಅಕ್ಕ,
ಮಹಾಂತಮ್ಮ

ತಾ.ಕ.: ಪೋಸ್ಟಿನ ಹೊತ್ತಾತು, ಗಡಿಬಿಡ್ಯಾಗ ಬರೀತೀನಿ. ನಮ್ಮ ಮನಿಯವರು ತೀರಿಕೊಂಡ ಮ್ಯಾಲೆ, ಈ ಮನಿ ನಂದು ಅಂತ ಮೈದುನ ಮಾಳಿಂಗಪ್ಪ ನನ್ನ ಮಗ್ಗ ಬಿಚ್ಚಿ ಬೀದಿಗೆ ಹಾಕಿ, ಬಾಗಿಲಿಗೆ ಬೀಗ ಜಡಿದಾನ. ಎದುರುಮನಿ ಬಸವೇಶ್ವರಿ ತನ್ನ ಪಡಸಾಲ್ಯಾಗ ಜಾಗ ಕೊಟ್ಟಾಳ. ಅವತ್ತು ಕೋರ್ಟಿಗೆ ಇದನ್ನ ಹೇಳಾಕ ಬಂದಿದ್ದೆ. ಸೋಮವಾರ ಮತ್ತ ಬರ್ತೀನಿ. ಅಕ್ಕ ಅಂತ ಮರುಗಬ್ಯಾಡ, ಕೇಸು ಅಂತ ತಗೋ. ಮಾಳಿಂಗಪ್ಪನ್ನ ಕಟಕಟ್ಯಾಗ ನಿಲ್ಲಿಸೋದು ನಿನ್ನ ಕೆಲಸ. ಅವನ್ನ ಏನು ಕೇಳಬೇಕು ಅಂಬೋದು ನಾ ಹೇಳ್ತೀನಿ.