ಚಿಲಕವಿರುವ ಕೋಣೆ

ಮಾರ್ಚ್ ೩, ಬೆಳಿಗ್ಗೆ

ತಂಗೀ, ನಿನ್ನ ಮಂಡಿನೋವು ಹೇಗಿದೆ? ನಿನ್ನ ಕಿರಿಮಗ ಗುಂಡ ಹೊಟ್ಟೆ ತುಂಬ ಉಣ್ಣುತ್ತಾನಾ? ನಿಮ್ಮ ಯಜಮಾನರ ಕೆಮ್ಮು? ಮಗಳ ಮೇಲಿನ ಸಿಟ್ಟು ಇಳಿಯದಿದ್ದರೂ ಕೆಮ್ಮಾದರೂ ಇಳಿಯಲಿ. ಸಿನಿಮಾ ಸೇರಿದವಳು ಹೊಸಿಲು ತುಳಿಯಬಾರದು ಎಂದವರಲ್ಲವೇ... ಫೋನು ಮಾಡಿದರೆ ಅವರು ಪಕ್ಕದಲ್ಲೇ ಇರುತ್ತಾರೆ. ಆದ್ದರಿಂದ ಈ ಡೈರಿಯಲ್ಲೇ ನಿನ್ನೊಡನೆ ಮಾತು.

ನಿನ್ನ ಮಗಳು ಚೆನ್ನಾಗಿದ್ದಾಳೆ. ಹಿಂದಿ ಸಿನಿಮಾದಲ್ಲಿ ಗುಂಪಿನ ಹಿಂದೆ ಕೊಡ ಹೊತ್ತು ನಿಂತವಳು — ಈಗ ಹೀರೋಯಿನ್. ಮೊದಲ ಸಲ. ನಿನ್ನೆ ಬಾಗಿಲು ತಳ್ಳಿ ಮನೆಯೊಳಗೆ ಹೆಜ್ಜೆಯಿಡುವ ಶಾಟ್. ಹೊರಗಿನಿಂದ ತೆಗೆದಾಯಿತು. ಒಳಗೆ ಬಂದದ್ದನ್ನು ಬೇರೆ ದಿನ, ಬೇರೆ ಸೆಟ್ಟಿನಲ್ಲಿ ತೆಗೆಯುತ್ತಾರೆ. ಈ ಜನಕ್ಕೆ ಒಂದು ಹೊಸಿಲು ದಾಟಲು ವಾರ ಬೇಕು.

ಮಾರ್ಚ್ ೫

ಗುಂಪಿನ ಹೆಂಗಸರು ಇಂದೂ ಲಾರಿಯ ಹಿಂದೆಯೇ ಬಟ್ಟೆ ಬದಲಿಸಿದರು. ಒಬ್ಬಳಿಗೆ ಇಬ್ಬರು ಸೀರೆ ಹಿಡಿದು ಮರೆ. ಲೈಟಿನ ಏಣಿಯ ಮೇಲಿಂದ ಯಾವನೋ ಫೋನಿನಲ್ಲಿ ಫೋಟೋ ತೆಗೆದ. ಆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ನಿನ್ನ ಮಗಳ ಜೊತೆಗಿದ್ದು ನಾನೂ ಎಷ್ಟೋ ವರ್ಷ ಅವಳಿಗೆ ಹಾಗೇ ಸೀರೆ ಹಿಡಿದವಳು. ನನ್ನ ತೋಳು ಮರೆತಿಲ್ಲ.

ನಿನ್ನ ಮಗಳು ನೆಟ್ಟಗೆ ಪ್ರೊಡ್ಯೂಸರ್ ಹತ್ತಿರ ಹೋದಳು.

"ಇವರಿಗೆ ಚಿಲಕ ಇರೋ ಒಂದು ರೂಮು ಕೊಡಿ ಸಾರ್. ಆಮೇಲೆ ನಾನು ಆ ಸೆಟ್ಟಿನ ಬಾಗಿಲಿಂದ ಒಳಗೆ ಬರ್ತೀನಿ."

"ನಿಂಗೆ ಮೇಕಪ್ ವ್ಯಾನ್ ಕೊಟ್ಟಿದೀವಲ್ಲಮ್ಮ. ಊರ ಉಸಾಬರಿ ನಿಂಗ್ಯಾಕೆ?"

"ಮೊನ್ನೆ ತನಕ ಆ ಊರಲ್ಲೇ ಇದ್ದೆ ಸಾರ್."

ಹೋಗಿ ಹೆಂಗಸರ ಜೊತೆ ನೆಲದ ಮೇಲೆ ಕೂತಳು. ಕೈಗೆ ಬಂದ ತುತ್ತು ಬಾಯಿಗೆ ಬರದಂತಾದೀತು ಎಂದು ಗದರಿದೆ. ಜರುಗಿ ನನಗೂ ಜಾಗ ಮಾಡಿದಳು. ಕೂತೆ, ಇನ್ನೇನು ಮಾಡಲಿ.

ಮಾರ್ಚ್ ೬, ಮಧ್ಯಾಹ್ನ

ಇನ್ನೂ ಕೂತಿದ್ದೇವೆ. ಇವಳನ್ನು ಚಿತ್ರದಿಂದಲೇ ತೆಗೆಯುತ್ತಾರಂತೆ. ಉಳಿದದ್ದನ್ನು ಡ್ಯೂಪ್ ಇಟ್ಟು ಮುಗಿಸುತ್ತಾರಂತೆ — ಇವಳದೇ ಸೀರೆಯುಟ್ಟು, ಇವಳ ಬದಲು ಬೆನ್ನು ತೋರಿಸುವವಳು. ಅಷ್ಟು ದೊಡ್ಡ ಮನುಷ್ಯರಿಗೆ ಒಂದು ಹೊಳೆಯಲಿಲ್ಲ ನೋಡು. ಆ ಡ್ಯೂಪ್ ಬಟ್ಟೆ ಬದಲಿಸುವುದೂ ಲಾರಿಯ ಹಿಂದೆಯೇ.

ಡ್ಯೂಪ್ ಹುಡುಗಿಯ ಕೈಗೆ ಸೀರೆ ಕೊಟ್ಟರು. ಅವಳು ಸುತ್ತ ಒಮ್ಮೆ ನೋಡಿದಳು.

"ಎಲ್ಲಿ ಉಟ್ಕೊಳ್ಲಿ ಸಾರ್?"

ಲಾರಿಯ ಕಡೆ ಕೈ ತೋರಿಸಿದರು. ಸೀರೆಯನ್ನು ನೀಟಾಗಿ ಮಡಚಿಟ್ಟು, ಬಂದು ನಮ್ಮ ಪಕ್ಕ ಕೂತಳು.

ಮಾರ್ಚ್ ೧೧

ಬೇರೆ ಡ್ಯೂಪ್ ಸಿಗದೆ ಕೊನೆಗೆ ಪ್ರೊಡ್ಯೂಸರ್ ಒಪ್ಪಿದರು. ಸಾಮಾನಿನ ಕೋಣೆ ಖಾಲಿಯಾಯಿತು. ಬಡಗಿ ಬಂದು ಚಿಲಕ ಹಾಕಿದ. ಹೆಂಗಸರು ಸುಮ್ಮಸುಮ್ಮನೆ ಒಳಗೆ ಹೋಗಿ ಹಾಕಿ, ತೆಗೆದು, ಮತ್ತೆ ಹಾಕಿ ನಗುತ್ತಿದ್ದರು. ಪಕ್ಕದ ಸ್ಟುಡಿಯೋದ ಹೆಂಗಸರು ಆಗಲೇ ತಮಗೂ ಕೋಣೆ ಕೊಡಿಸೆಂದು ನಿನ್ನ ಮಗಳನ್ನು ಕರೆಯಲು ಬಂದಿದ್ದಾರೆ. ಹೋಗಬೇಡ ಎಂದರೆ ಕೇಳುವವಳೇ? ನಾನೂ ಅನ್ನಲಿಲ್ಲ.

ಆಮೇಲೆ ನಿನ್ನ ಮಗಳು ಬಾಗಿಲು ತಳ್ಳಿ ಒಳಗೆ ಬಂದಳು, ತಂಗೀ. ತಲೆಯೆತ್ತಿ. ಒಂದೇ ಟೇಕ್. ನಾನು ಕ್ಯಾಮೆರಾದ ಹಿಂದೆ ನಿಂತಿದ್ದೆ — ಹಿಡಿಯಲು ಸೀರೆಯಿಲ್ಲದೆ, ಬರಿಗೈಯಲ್ಲಿ.

ಈ ಹಾಳೆಗಳನ್ನೇ ಹರಿದು ಕಳಿಸುತ್ತಿದ್ದೇನೆ. ನಿಮ್ಮ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳು. ಮುಂದಿನ ತಿಂಗಳು ಇವಳಿಗೆ ನಾಲ್ಕು ದಿನ ರಜೆ. ಅವರು ಏನಂದರು, ಬೇಗ ಬರೆ. ನಿಮ್ಮ ಮನೆಯ ಆ ಹೊಸಿಲು...