ಮಡಿಲಿಗೆ ಬಿದ್ದ ಮರದ ಕಾಯಿ

ಹುಣಸೂರು
21-2-2002, ಗುರುವಾರ

ಸರಗೂರಲ್ಲಿ ತಮ್ಮನ ಮನೇಲಿ ಠಿಕಾಣಿ ಹೂಡಿರೋ ಶಿವರುದ್ರಮ್ಮನಿಗೆ, ಮೂವತ್ತೆಂಟು ವರ್ಸದಿಂದ ನಿನ್ನ ಬೈಗುಳ ತಿಂದು ದಪ್ಪ ಆಗಿರೋ ಗಂಡ ಬರೆಯೋದು.

ನಾನು ಕ್ಷೇಮ ಅಲ್ಲ. ನಿನ್ನ ಕ್ಷೇಮ ಕೇಳೋ ಮನಸ್ಸೂ ಇಲ್ಲ. ಮೈಯೆಲ್ಲ ಉರೀತಾ ಐತೆ. ಈ ಕಾಗದ ನೀನೇ ಓದ್ಕೋ, ಶಶಿ ಕೈಗೆ ಕೊಡಬ್ಯಾಡ. ಬಸ್ ಕಂಡಕ್ಟರ್ ಇದರ ಜೊತೆ ಒಂದು ಚೀಲ ಕೊಡ್ತಾನೆ, ಓದಿ ಮುಗಿಸೋಗಂಟ ಬಿಚ್ಚಬ್ಯಾಡ.

ಮೊದ್ಲು ಹಲಸಿನ ದಿಮ್ಮಿ ವಿಚಾರ. ನಿಮ್ಮಪ್ಪ ನೆಟ್ಟ ಮರ ಗಾಳಿಗೆ ಬಿದ್ದಾಗ ಸರಗೂರಿಂದ ಲಾರೀಲಿ ಹಾಕ್ಕೊಂಡು ತಂದಿದ್ದೆ. ಕೊಟ್ಟಿಗೆ ಅಟ್ಟದ ಮೇಲೆ ನೆರಳಲ್ಲಿ ಒಣಗಲಿ ಅಂತ ಇಟ್ಟಿದ್ದೆ. ನೀನು ಮನೆ ಬುಟ್ಟು ಹೋಗೋ ಬೆಳಿಗ್ಗೆ ಅದನ್ನ ಕೊಡಲೀಲಿ ಸೀಳಿ ಬಚ್ಚಲ ಒಲೆಗೆ ತುರುಕಿದೆ. ಸಾಮಿಲ್ಲಲ್ಲಿ ಮೂವತ್ತು ವರ್ಸ ಮರ ಸೀಳ್ದೋನು ನಾನು, ಅಷ್ಟು ಚೆಂದಾಗಿ ನಾನೂ ಸೀಳಿಲ್ಲ. ನಾನು ಕಾದಿದ್ದು ನಾಕು ವರ್ಸ. ನೀರು ಕಾದಿದ್ದು ಅರ್ಧ ಗಂಟೆ.

ರಿಟೈರ್ ಆದ್ಮೇಲೆ ನನಗಿದ್ದ ಸುಖ ಕೊಟ್ಟಿಗೇಲಿರೋ ಮರ ಕಡೆಯೋ ಆ ಲೇತ್ ಒಂದೇ ಅಂತ ನಿನಗೆ ಗೊತ್ತು. ಗರಗಸದ ಕಿರುಚಾಟ ಕಿವೀಲಿ ಕೂತುಬುಟ್ಟಿತ್ತು. ತಿರುಗೋ ಮರಕ್ಕೆ ಉಳಿ ತಾಗಿಸಿದ್ರೆ ಈರುಳ್ಳಿ ಸಿಪ್ಪೆ ಹಂಗೆ ಸುರುಳಿ ಸುರುಳಿ ಬರ್ತದೆ, ಆವಾಗ ಮಾತ್ರ ಆ ಸದ್ದು ಅಡಗ್ತದೆ. ಊಟಕ್ಕೆ ಲೇಟು ಅಂತ ನೀನು ಬೈದ್ರೆ, ಲೇಟಲ್ಲ ಕಣೆ ಲೇತು ಅಂತಿದ್ದೆ. ನಗ್ತಿದ್ದೆ ನೀನು. ಈಗ ಮರಾನೂ ಹೋಯ್ತು, ನೀನೂ ಹೋದೆ, ಉಳಿದಿರೋದು ಉಳಿ ಒಂದೇ.

ಎಲ್ಲಾ ನನ್ನ ತಪ್ಪಂತೆ. ಏನು ನನ್ನ ತಪ್ಪು? ನಿನ್ನ ತಮ್ಮ ಶಿವನಂಜಪ್ಪ, ಒಂದೇ ಏಟಿಗೆ ತೆಂಗಿನಕಾಯಿ ಎರಡು ಹೋಳು ಮಾಡ್ತೀನಿ ಅಂತ ಹೋದ ಕಡೆಯೆಲ್ಲ ಮೀಸೆ ತಿರುವ್ತಾನೆ. ಅವನ ಮಗಳು ಶಶಿ ನಿಶ್ಚಿತಾರ್ಥದ ದಿನ ದೇವರ ಮುಂದೆ ಅವನು ಹತ್ತು ಏಟು ಹೊಡೀಲಿ, ನಾಕು ಜನ ನಗ್ಲಿ ಅಂತ ಮರದ ಕಾಯಿ ಮಾಡಿ ತಟ್ಟೇಲಿಟ್ಟೆ. ವಾರ ಕೂತು ಮಾಡಿದ್ದು. ಮೂರು ಕಣ್ಣು ಕೊರೆದು, ನಿಜವಾದ ನಾರಿನ ಜುಟ್ಟು ಅಂಟಿಸಿ, ಅರಿಶಿನ ಬಳಿದಿದ್ದೆ. ನಿಮ್ಮ ಹೆಂಗಸ್ರು ಇದ್ದದ್ರಲ್ಲಿ ಲಕ್ಷಣವಾದ ಕಾಯಿ ಯಾವುದು ಅಂತ ಹುಡುಕಿ ಅದನ್ನೇ ಮಡಿಲು ತುಂಬಕ್ಕೆ ಎತ್ಕೊಂಡ್ರು. ಒಬ್ಬಳಾದ್ರೂ ಕಿವಿ ಹತ್ರ ಹಿಡ್ದು ಅಲ್ಲಾಡಿಸಬಾರ್ದಾ? ಒಳಗೆ ನೀರೈತಾ ಅಂತ ಕೇಳಬಾರ್ದಾ?

ಗಂಡಿನ ಅಜ್ಜಿ ಅದನ್ನ ಶಶಿ ಸೆರಗಿಗೆ ಹಾಕುವಾಗ ಜುಟ್ಟು ಕಿತ್ತು ಕೈಗೆ ಬಂತು. ಮನೆಗೆ ಬರೋ ಸೊಸೆ ಮಡಿಲಿಗೆ ನನ್ನ ಕೈಯಾರ ಒಣಮರ ಹಾಕಿಸಿಬುಟ್ರಲ್ಲ ಅಂತ ಎದ್ದೇಬುಟ್ಲು. ನಮ್ಮ ನೆಂಟರಲ್ಲಿ ಲೇತ್ ಇರೋದು ನನ್ನ ಹತ್ರ ಮಾತ್ರ, ಎಲ್ಲರೂ ನನ್ನ ಕಡೆ ತಿರುಗಿದ್ರು. ನಾನು ನಕ್ಕೆ. ಅದೇ ಅಲ್ವಾ ನಿನಗೆ ತಡೀದೇ ಹೋಗಿದ್ದು? ನಗು ಬಂದು ನಕ್ಕಿದ್ದಲ್ಲ ಕಣೆ. ಬೀಗರು ಎಲೆ ಮುಂದೆ ಕೂರದೆ ವ್ಯಾನ್ ಹತ್ತಿದ್ರು. ಶಶಿ ಆ ಕಾಯಿ ಎಲ್ಲಿಡಬೇಕು ಅಂತ ಗೊತ್ತಾಗ್ದೆ ಮಡಿಲಲ್ಲೇ ಹಿಡ್ಕೊಂಡು ಕೂತಿತ್ತು.

ಈ ಸೋಮವಾರ ನಾನು ಎಲ್ಲಿಗೆ ಹೋಗಿದ್ದೆ ಅಂತ ಪಕ್ಕದ ಮನೆ ದೊಡ್ಡತಾಯಮ್ಮ ಫೋನಲ್ಲಿ ಊದಿರ್ತಾಳೆ. ಹೌದು, ಗಂಡಿನ ಊರು ಹಾರನಹಳ್ಳಿಗೇ ಹೋಗಿದ್ದೆ. ಆ ಅಜ್ಜಿ ನನ್ನ ಬಿಸಿಲಲ್ಲಿ ಜಗುಲಿ ಮೇಲೆ ಕೂರಿಸಿದ್ಲು. ನೀರು ಕೊಟ್ಟು, ಲೋಟ ಒಂದ್ಸಲ ತಟ್ಟಿ ನೋಡ್ಕೊಳಪ್ಪ, ಮರದ್ದಾಗಿದ್ದೀತು ಅಂದ್ಲು. ನನಗೇ ತಮಾಷೆ. ಕಿತಾಪತಿ ನಂದು, ಹುಡುಗೀದಲ್ಲ, ಅವಳಪ್ಪಂದೂ ಅಲ್ಲ ಅಂತ ಮೂರು ಸಲ ಹೇಳಿಸ್ಕೊಂಡ್ಲು. ಕಿವಿ ಮಂದವಂತೆ. ಒಳಗೆ ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಮಾತ್ರ ಸರಿಯಾಗಿ ಹೇಳಿದ್ಲು.

ಕೊನೇಗೆ, ಬರೋ ಸೋಮವಾರ ಸರಗೂರಿಗೆ ಬಂದು ಮತ್ತೆ ಮಡಿಲು ತುಂಬ್ತೀವಿ ಅಂದ್ಲು. ಆದ್ರೆ ನನ್ನ ಕೈ ಮುಟ್ಟಿದ ಕಾಯಿ ಬ್ಯಾಡವಂತೆ, ನೀನೇ ಆರಿಸಿ ಕೊಡಬೇಕಂತೆ. ಜಗುಲೀಲಿ ಹೇಳಿದ್ದನ್ನ ನಾನು ಅಷ್ಟೂ ಜನದ ಮುಂದೆ ನಿಂತು ಹೇಳಬೇಕಂತೆ. ಹೇಳ್ತೀನಿ, ನಗದೇ ಹೇಳ್ತೀನಿ. ನಿನ್ನ ತಮ್ಮಂಗೆ ನೀನೇ ತಿಳಿಸು, ಅವನು ನನ್ನ ದನಿ ಕೇಳಿದ್ರೆ ಫೋನ್ ಇಟ್ಟುಬುಡ್ತಾನೆ. ಕಾಯಿನ ಅಲ್ಲಾಡಿಸಿ ಆರಿಸು.

ಅಂಗಂತ ದಿಮ್ಮಿ ಸಿಟ್ಟು ಇಳೀತು ಅನ್ಕೋಬ್ಯಾಡ. ಅದರಲ್ಲಿ ಶಶಿ ಮದುವೆಗೆ ಕುಂಕುಮದ ಭರಣಿ ಮಾಡ್ಬೇಕು ಅಂತಿದ್ದೆ. ತಾತ ನೆಟ್ಟ ಮರ ಮೊಮ್ಮಗಳ ಹಣೆಗೆ ಆಗ್ಲಿ ಅಂತ. ನೀನು ಅದರಲ್ಲಿ ತಲೆಗೆ ನೀರು ಹುಯ್ಕೊಂಡು ಹೋದೆ. ನೀನಿಲ್ದೆ ಇಲ್ಲಿ ಏನೂ ನಿಂತಿಲ್ಲ. ಲೇತ್ ಬೆಳಗಿಂದ ಸಂಜೆಗಂಟ ತಿರುಗ್ತಾನೇ ಐತೆ.

ಇಂತಿ,
ಸುಟ್ಟು ಬೂದಿಯಾದ ದಿಮ್ಮಿ ಯಜಮಾನ
ಪುಟ್ಟಮಲ್ಲಪ್ಪ

ಮರೆತಿದ್ದೆ: ಚೀಲದಲ್ಲಿ ಸುತ್ತಿಕೊಂಡಿರೋದು ಹಾವಲ್ಲ, ಕಿರುಚಬ್ಯಾಡ. ಲೇತಿನ ಬೆಲ್ಟು. ನೀನು ಹೋದ ದಿನವೇ ಬಿಚ್ಚಿದ್ದು, ಅದಿಲ್ದೆ ಲೇತ್ ತಿರುಗಲ್ಲ. ಶಶಿ ಹತ್ರ ಕೊಡು, ಲೇತ್ ಮತ್ತೆ ತಿರುಗ್ಬೇಕೋ ಬ್ಯಾಡ್ವೋ ಆ ಹುಡುಗೀನೇ ಹೇಳ್ಲಿ. ಅವಳು ವಾಪಸ್ ಕೊಟ್ರೆ ತತ್ತಾ, ಕೊಡ್ದಿದ್ರೆ ಬುಡು. ಬಚ್ಚಲ ಒಲೇಲಿ ಹಲಸಿನ ತುಂಡೊಂದು ಪೂರ್ತಿ ಉರಿದಿರಲಿಲ್ಲ. ಒಂದು ಭರಣಿಗೆ ಸಾಕಾಗ್ತದೆ. ಕರಿ ಕೆರೆದು ಎತ್ತಿಟ್ಟಿದೀನಿ.